ರಾಗ ಹಾಕುವವರ ಆಷಾಢ

ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮರುದಿನ ಆಷಾಢ ಕೂಡುತ್ತದೆ. ಮದುವೆ ಇಲ್ಲ, ಮುಂಜಿವೆ ಇಲ್ಲ, ಗೃಹಪ್ರವೇಶ ಇಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಛತ್ರಿ ಹಿಡಿದು ಬಂದು ಕಾರ್ಯಕ್ರಮಕ್ಕೆ ಕರೆಯುವವರೂ ಇಲ್ಲ. ಸುಗಮ ಸಂಗೀತವನ್ನು ನಂಬಿದವರ ವರ್ಷ ಪಂಚಾಂಗದ ಪ್ರಕಾರ ನಡೆಯುತ್ತದೆ. ಗಣೇಶನ ಹಬ್ಬದಿಂದ ದಸರೆಯವರೆಗೆ ಪೆಂಡಾಲು, ನವೆಂಬರ್ ಪೂರ್ತಿ ರಾಜ್ಯೋತ್ಸವ, ಡಿಸೆಂಬರ್, ಜನವರಿಯಲ್ಲಿ ಶಾಲೆಗಳ ಸ್ನೇಹಸಮ್ಮೇಳನ, ಆಮೇಲೆ ಮದುವೆ, ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ಶಿಬಿರ. ಇವೆಲ್ಲ ದಾಟಿದ ಮೇಲೆ ಸಿಗುವುದು ಈ ಖಾಲಿ ತಿಂಗಳು. ಜೇಬು ಖಾಲಿ ಎಂಬುದು ನಿಜ. ಆದರೆ ನವೆಂಬರಿನಲ್ಲಿ ನೀವು ಕೇಳುವ ಹಾಡಿಗೆ ರಾಗ ಹಾಕುವುದು ಈಗಲೇ.

ಮಳೆಗಾಲದಲ್ಲಿ ಮೊದಲು ತಕರಾರು ತೆಗೆಯುವುದು ವಾದ್ಯಗಳು. ತಬಲಾದ ಚರ್ಮ ಗಾಳಿಯ ತೇವವನ್ನು ಹೀರಿ ಸಡಿಲಾಗುತ್ತದೆ. ಬಿಗಿತ ಕಡಿಮೆಯಾದಂತೆ ಕಂಪನ ಕಡಿಮೆ, ಕಂಪನ ಕಡಿಮೆಯಾದಂತೆ ಶ್ರುತಿ ಕೆಳಗೆ. ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ್ದನ್ನು ಮನೆಯಲ್ಲೇ ಕೇಳಬಹುದು. ಮೊಬೈಲಿನಲ್ಲಿರುವ ತಂಬೂರಿಗೆ ಮಳೆಯ ಸುದ್ದಿ ಗೊತ್ತಿಲ್ಲ, ಅದು ತನ್ನ ಶ್ರುತಿಯಲ್ಲೇ ನಿಂತಿರುತ್ತದೆ; ತಬಲಾ ಮಾತ್ರ ಇಳಿಯುತ್ತ ಹೋಗುತ್ತದೆ. ಬಾರುಗಳ ಅಡಿಯ ಕಟ್ಟಿಗೆ ತುಂಡುಗಳನ್ನು ಸುತ್ತಿಗೆಯಿಂದ ಕೆಳಕ್ಕೆ ಬಡಿದರೆ ಶ್ರುತಿ ಮೇಲೇರುತ್ತದೆ. ಹಾಗೆ ಬಿಗಿ ಮಾಡಿದ್ದನ್ನು ಬಿಸಿಲು ಬಿದ್ದ ದಿನ ಮರೆತು ಬಿಟ್ಟರೆ ಚರ್ಮ ಸೀಳುವ ಭಯ. ಮಕ್ಕಳಿಗೆ ಹೊಸದಾಗಿ ತಬಲಾ ಕೊಡಿಸಿದ ಪಾಲಕರು ಅದನ್ನು ಒಲೆಯ ಹತ್ತಿರ ಒಣಗಿಸಲು ಇಡಬೇಡಿ. ಬಟ್ಟೆ ಸುತ್ತಿ, ಗೋಡೆಯ ತಂಪು ತಾಗದ ಕಡೆ ಇಟ್ಟರೆ ಸಾಕು.

ಈ ತಿಂಗಳು ನನ್ನ ಮೇಜಿನ ಮೇಲಿರುವುದು ಒಂದು ಪ್ರೌಢಶಾಲೆಯ ಕೆಲಸ. 32 ಮಕ್ಕಳು ಸೇರಿ ಹಾಡಲು ಕುಮಾರವ್ಯಾಸನ ಒಂದು ಪದ್ಯಕ್ಕೆ ರಾಗ ಬೇಕು. ಗಮಕಿಗಳು ಭಾಮಿನಿ ಷಟ್ಪದಿಯನ್ನು ತಾಳವಿಲ್ಲದೆ ವಾಚಿಸುತ್ತಾರೆ, ಅರ್ಥ ಎಲ್ಲಿ ನಿಲ್ಲು ಎನ್ನುತ್ತದೋ ಅಲ್ಲಿ ನಿಲ್ಲುತ್ತಾರೆ. ಆದರೆ 32 ಮಕ್ಕಳಿಗೆ ತಾಳದ ಹಗ್ಗ ಇಲ್ಲದಿದ್ದರೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ.

ಕನ್ನಡ ವ್ಯಾಕರಣದಲ್ಲಿ ಪ್ರಸ್ತಾರ ಹಾಕಿದ ವಿದ್ಯಾರ್ಥಿಗಳಿಗೆ ಇದು ಗೊತ್ತು: ಭಾಮಿನಿಯ ಸಾಲು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳಲ್ಲಿ ನಡೆಯುತ್ತದೆ. ಮೂರಕ್ಕೆ ನಾಲ್ಕು ಕೂಡಿದರೆ ಏಳು. ಹಿಂದುಸ್ತಾನಿಯ ರೂಪಕಕ್ಕೂ ಏಳು ಮಾತ್ರೆ, ಕರ್ನಾಟಕ ಸಂಗೀತದ ಮಿಶ್ರಛಾಪುವಿಗೂ ಏಳು. 14 ಮಾತ್ರೆಯ ಸಣ್ಣ ಸಾಲು ಎರಡು ಆವರ್ತನದಲ್ಲಿ ಸರಿಯಾಗಿ ಕೂಡುತ್ತದೆ. ಮೂರನೆಯ ಮತ್ತು ಆರನೆಯ ಸಾಲಿನಲ್ಲಿ ಮಾತ್ರ 21 ಮಾತ್ರೆ ಮುಗಿದ ಮೇಲೆ ಕೊನೆಗೊಂದು ಗುರು ಇದೆ. ಅದು ನಾಲ್ಕನೆಯ ಆವರ್ತನದ ಮೊದಲ ಏಟಿಗೆ ಬಂದು ಕೂರುತ್ತದೆ, ಎರಡು ಮಾತ್ರೆ ತೆಗೆದುಕೊಳ್ಳುತ್ತದೆ. ಉಳಿದ ಐದು ಮಾತ್ರೆ ಖಾಲಿ. ಉದ್ದ ಸಾಲು ಹಾಡಿ ದಣಿದ ಮಕ್ಕಳು ಉಸಿರು ತೆಗೆದುಕೊಳ್ಳಲು ಆ ಐದು ಮಾತ್ರೆ ಒದಗುತ್ತವೆ. ಛಂದಸ್ಸು ಪರೀಕ್ಷೆಯಲ್ಲಿ ಅಂಕ ತರಲಿಕ್ಕಷ್ಟೇ ಇರುವುದಲ್ಲ ಎಂದು ಮಕ್ಕಳಿಗೆ ಚಪ್ಪಾಳೆ ತಟ್ಟಿಸಿಯೇ ತೋರಿಸಬೇಕೆಂದಿದ್ದೇನೆ.

ರಾಗ ಭೂಪಾಲಿ. ದಕ್ಷಿಣದವರ ಮೋಹನ. ಮಳೆಗಾಲಕ್ಕೆ ಮಿಯಾ ಮಲ್ಹಾರ ಶೋಭಿಸುತ್ತದೆ, ಒಪ್ಪುತ್ತೇನೆ. ಆದರೆ ಅದರ ಎರಡು ನಿಷಾದಗಳನ್ನು 32 ಮಕ್ಕಳು ಒಂದೇ ದನಿಯಲ್ಲಿ ಹಾಡುವುದು ಆಗದ ಮಾತು. ಭೂಪಾಲಿಯಲ್ಲಿ ಸ, ರಿ, ಗ, ಪ, ದ ಐದೇ ಸ್ವರ, ಜಾರಿ ಬೀಳುವ ಜಾಗ ಕಡಿಮೆ. ಇಡೀ ಹಾಡನ್ನು ಒಂದು ಸಪ್ತಕದೊಳಗೆ ಇಟ್ಟಿದ್ದೇನೆ. ಎಂಟು, ಒಂಬತ್ತನೇ ತರಗತಿಯ ಹುಡುಗರ ದನಿ ಒಡೆಯುವ ವಯಸ್ಸು ಅದು. ನಿನ್ನೆ ಮೇಲಿನ ಷಡ್ಜ ಮುಟ್ಟಿದವನಿಗೆ ಇಂದು ಪಂಚಮವೇ ಎಟುಕುವುದಿಲ್ಲ. ಅದು ಬೆಳವಣಿಗೆ, ಕಾಯಿಲೆಯಲ್ಲ. ಕೆಳಗಿನ ಶ್ರುತಿಯಲ್ಲಿ ಮೆಲ್ಲಗೆ ಹಾಡಿಸಿ. ಬೈದು ಮೇಲಿನ ಸ್ವರ ಎಳೆಸಬೇಡಿ, ಪಾಠ ಬಿಡಿಸಲೂ ಬೇಡಿ.

ಕಳೆದ ವಾರ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದಿದ್ದರು. ಪಿಯುಸಿ ಎರಡನೇ ವರ್ಷ, ವಿಜ್ಞಾನ. ಹುಡುಗಿ ತಾನೇ ಬರೆದು ತಾನೇ ರಾಗ ಹಾಕುತ್ತಾಳೆ. ಎರಡು ಹಾಡು ಕೇಳಿದೆ, ಒಂದರಲ್ಲಿ ಜೀವ ಇತ್ತು. ತಂದೆ ನೇರವಾಗಿ ಕೇಳಿದರು: "ಸರ, ಇದರಾಗ ಹೊಟ್ಟಿ ತುಂಬತದೇನ್ರಿ? ನೀವು ಹ್ಞೂಂ ಅಂದ್ರ ಬಿಡತೀನಿ, ಇಲ್ಲಂದ್ರ ಇವತ್ತಿಗೆ ಮುಗೀತು."

ಹ್ಞೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಜಮಾಖರ್ಚಿನ ವಹಿ ತೆಗೆದು ಹನ್ನೆರಡು ತಿಂಗಳ ಪುಟ ತೋರಿಸಿದೆ. ನವೆಂಬರಿನ ಪುಟ ತುಂಬಿದೆ, ಆಷಾಢದ ಪುಟದಲ್ಲಿ ಪಾಠದ ಫೀ ಬಿಟ್ಟರೆ ಏನೂ ಇಲ್ಲ. ಇದು ನಮ್ಮ ಕಾಲದ, ನಮ್ಮ ಊರಿನ ಕಥೆ ಮಾತ್ರವಲ್ಲ ಎಂದೂ ಹೇಳಿದೆ. ಜರ್ಮನಿಯ ಲೈಪ್‌ಜಿಗ್‌ನಲ್ಲಿ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ದುಡಿದ ಬಾಖ್, ಚರ್ಚಿಗೆ ಸಂಗೀತ ಬರೆಯುವುದರ ಜೊತೆಗೆ ಶಾಲೆಯ ಹುಡುಗರಿಗೆ ಪಾಠವನ್ನೂ ಹೇಳಬೇಕಿತ್ತು. 1730ರಲ್ಲಿ ಹಳೆಯ ಗೆಳೆಯನಿಗೆ ಬರೆದ ಕಾಗದದಲ್ಲಿ ಆತ ಲೆಕ್ಕ ಒಪ್ಪಿಸುತ್ತಾನೆ: ವರ್ಷದ ಆದಾಯ ಸುಮಾರು 700 ಥಾಲರ್, ಸಾವುಗಳು ಹೆಚ್ಚಾದರೆ ಶವಸಂಸ್ಕಾರದ ಸಂಗೀತದಿಂದ ಅದು ಏರುತ್ತದೆ, ಊರಿನ ಹವೆ ಚೆನ್ನಾಗಿದ್ದುದರಿಂದ ಹಿಂದಿನ ವರ್ಷ 100ಕ್ಕೂ ಹೆಚ್ಚು ಥಾಲರ್ ಖೋತಾ. ಊರಿನವರ ಆರೋಗ್ಯವೇ ಆತನ ಆಷಾಢ! ಕ್ರಿಸ್‌ಮಸ್ ಮತ್ತು ಈಸ್ಟರಿಗೆ ಮೊದಲು ಆ ಊರಿನ ಚರ್ಚುಗಳಲ್ಲಿ ವಾರದ ದೊಡ್ಡ ಸಂಗೀತ ಬಹುಮಟ್ಟಿಗೆ ನಿಲ್ಲುತ್ತಿತ್ತು. ಆ ಬಿಡುವಿನಲ್ಲೇ ಹಬ್ಬದ ದೊಡ್ಡ ಕೃತಿಗಳನ್ನು ಸಿದ್ಧ ಮಾಡಲು ಆತನಿಗೆ ಸಮಯ ಸಿಗುತ್ತಿತ್ತು.

ತಂದೆ ವಹಿಯನ್ನೇ ನೋಡುತ್ತ ಕೂತರು. ಮಗಳು ಕೇಳಿದ್ದು ಬೇರೆ: "ಸರ, ಖಾಲಿ ತಿಂಗಳಾಗ ಬರೆದದ್ದು ಎಲ್ಲೆ ಇಡತೀರಿ?" ದುಡ್ಡಿನ ಪುಟ ನೋಡಿಯೂ ಈ ಪ್ರಶ್ನೆ ಕೇಳಿದವಳು ಈ ದಾರಿ ಬಿಡಲಾರಳು ಎಂದು ನನಗೆ ಅನ್ನಿಸಿತು.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಪದವಿ ಮುಗಿಸಲಿ, ಆಷಾಢಕ್ಕೆ ಅದು ಆಸರೆ. ಒಬ್ಬ ಗುರುವಿನ ಹತ್ತಿರ ನಿಂತು ಶಾಸ್ತ್ರೀಯ ಸಂಗೀತ ಕಲಿಯಲಿ. ರಾಗ ಹಾಕಿದ್ದನ್ನೆಲ್ಲ ಸ್ವರಲಿಪಿಯಲ್ಲಿ, ತಾರೀಖು ಹಾಕಿ, ಬರೆದಿಡಲಿ. ಧ್ವನಿಮುದ್ರಣದವರು ಕೊಟ್ಟ ಕಾಗದಕ್ಕೆ ಓದದೆ ಸಹಿ ಹಾಕುವುದು ಬೇಡ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ, ಹಾಡಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಸಾಹಿತ್ಯ ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನದಲ್ಲಿ ಪಾಲು ಉಳಿಯುತ್ತದೆ. ಚಿತ್ರಗೀತೆಯಾದರೆ ಚಿತ್ರಮಂದಿರದ ಪ್ರದರ್ಶನಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. ಅದನ್ನು ವಸೂಲು ಮಾಡಿ ಹಂಚುವ ಸಂಘದ ಸದಸ್ಯತ್ವ ಪಡೆದಿರಬೇಕು ಅಷ್ಟೆ.

ಇನ್ನೊಬ್ಬರ ಹಕ್ಕಿಗೂ ಅಷ್ಟೇ ಬೆಲೆ. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ ಅವರು ಬದುಕಿದ್ದಾಗಲೇ ಪ್ರಕಟಿಸಿದ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ರಾಗ ಹಾಕಿ ಧ್ವನಿಮುದ್ರಿಸುವ ಮೊದಲು ಹಕ್ಕುದಾರರ ಒಪ್ಪಿಗೆ ಬೇಕು. ಕುಮಾರವ್ಯಾಸನಿಗೆ ಮಾತ್ರ ಯಾರನ್ನೂ ಕೇಳಬೇಕಿಲ್ಲ.

ತಂದೆ ಏನು ನಿರ್ಧಾರ ಮಾಡಿದರೋ ಇನ್ನೂ ತಿಳಿಸಿಲ್ಲ. ಜೀವ ಇದ್ದ ಹಾಡನ್ನು ಸ್ವರಲಿಪಿಯಲ್ಲಿ ಬರೆದು ತಾ ಎಂದು ಹುಡುಗಿಗೆ ಕೆಲಸ ಹಚ್ಚಿದ್ದೇನೆ. ಶ್ರಾವಣದ ಮೊದಲ ಶನಿವಾರ ಶಾಲೆಯಲ್ಲಿ ತಾಲೀಮು ಶುರು. ಅಷ್ಟರೊಳಗೆ ಆ ಖಾಲಿ ಐದು ಮಾತ್ರೆಗಳಲ್ಲಿ ತಬಲಾ ಮಾತಾಡಬೇಕೋ ಸುಮ್ಮನಿರಬೇಕೋ ತೀರ್ಮಾನವಾಗಬೇಕು. ವಿದ್ಯಾರ್ಥಿಗಳೇ, ಪಠ್ಯಪುಸ್ತಕದ ಯಾವುದಾದರೂ ಭಾಮಿನಿ ಪದ್ಯ ತೆಗೆದು ಏಳೇಳು ಎಣಿಸಿ ಚಪ್ಪಾಳೆ ಹಾಕಿ ನೋಡಿ. ನಿಮಗೆ ಏನನ್ನಿಸಿತು, ಬರೆದು ಕಳಿಸಿ.