ಹದಿನಾರನೇ ಜಾಗಕ್ಕೆ ಹೋದ ಹಡಗುಗಳು

ಓಗೇಮ್ ಆಡಿದವರಿಗೆ ಹದಿನಾರನೇ ಜಾಗದ ಹುಚ್ಚು ಗೊತ್ತಿರುತ್ತೆ. ಪ್ರತಿ ಸೌರಮಂಡಲದಲ್ಲಿ ಗ್ರಹಗಳಿಗೆ ಇರೋದು ಹದಿನೈದೇ ಜಾಗ. ಅದರಾಚೆಗಿನ ಹದಿನಾರು ಬರೀ ಕತ್ತಲೆ. ಅಲ್ಲಿಗೆ ಎಕ್ಸ್‌ಪೆಡಿಷನ್ ಕಳಿಸಿದ್ರೆ ಲೋಹ ಸಿಗಬಹುದು, ಡಾರ್ಕ್ ಮ್ಯಾಟರ್ ಸಿಗಬಹುದು, ಯಾರೋ ಬಿಟ್ಟುಹೋದ ಹಡಗುಗಳೇ ಸಿಗಬಹುದು. ಕಳ್ಳರೂ ಸಿಗಬಹುದು. ಅಪರೂಪಕ್ಕೆ ಕಪ್ಪುಕುಳಿ ಇಡೀ ಪಡೆಯನ್ನೇ ನುಂಗಿಬಿಡುತ್ತೆ :(

2002ರಲ್ಲಿ ಜರ್ಮನಿಯಲ್ಲಿ ಶುರುವಾದ ಈ ಬ್ರೌಸರ್ ಆಟ ನನಗೆ ಅಂಟಿದ್ದು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುವಾಗ. ನೀವು ಮಲಗಿದ್ರೂ, ಪರೀಕ್ಷೆ ಬರೀತಿದ್ರೂ ಆಟ ನಡೀತಾನೇ ಇರುತ್ತೆ. ಗ್ರಹದ ಮೇಲೆ ಸುಮ್ನೆ ನಿಂತ ಹಡಗು ಪಕ್ಕದವನಿಗೆ ಊಟ. ಅದಕ್ಕೇ ಮಲಗೋ ಮುಂಚೆ ಎಲ್ಲಾ ಹಡಗನ್ನೂ ಎಲ್ಲಿಗಾದ್ರೂ ಹಾರಿಸಿಬಿಡಬೇಕು.

ನನ್ನ ರೂಮ್‌ಮೇಟ್ ವಾದ ಏನಂದ್ರೆ, ಹಾರಿಸೋದಾದ್ರೆ ಹದಿನಾರಕ್ಕೇ ಹಾರಿಸು. "ಅಲ್ಲಿ ಯಾರೂ ಬಂದು ಹೊಡಿಯಂಗಿಲ್ಲಲೇ, ಭಾಳ ಸೇಫ್ ಅದ. ಸಿಕ್ರ ಲಾಭ!" ನಾನೂ ನಂಬಿದೆ.

2017ರ ಬೇಸಿಗೆ. ಕಮಲಾಪುರದಲ್ಲಿ ನೆಂಟರ ಮನೆ ಮದುವೆ. ಅದೇ ಕೆಂಪು ಬಾಳೆಹಣ್ಣಿನ ಕಮಲಾಪುರ, ಹುಮನಾಬಾದ್ ರಸ್ತೆಯಲ್ಲಿದೆ. (ಆ ಹಣ್ಣು ತಿನ್ನದೇ ವಾಪಸ್ ಬಂದವನು ಪಾಪಿ, ಅದು ಬೇರೆ ಮಾತು.) ಹೊರಡೋ ಮುಂಚೆ ಇದ್ದಬದ್ದ ಹಡಗನ್ನೆಲ್ಲಾ ಹದಿನಾರಕ್ಕೆ ಕಳಿಸಿದೆ. ವಾಪಸ್ ಬರೋದು ಮರುದಿನ ಬೆಳಿಗ್ಗೆ ಒಂಬತ್ತಕ್ಕೆ. ನಾನು ಎಂಟೂವರೆಗೆ ರೂಮಿನಲ್ಲಿರ್ತೀನಿ. ಲೆಕ್ಕ ಪಕ್ಕಾ! ನೆಂಟರ ತೋಟದಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ತಲೆ ಕೆಡಿಸಿಕೊಳ್ಳಲೂ ಇಲ್ಲ.

ರೂಮಿಗೆ ಬಂದು ತೆರೆದು ನೋಡಿದ್ರೆ ಯುದ್ಧದ ವರದಿ. ಎಕ್ಸ್‌ಪೆಡಿಷನ್‌ನಲ್ಲಿ ಪಡೆ ತಡವಾಗಿ ಬರೋದೂ ಉಂಟು, ಬೇಗ ಬರೋದೂ ಉಂಟು. ನನ್ನದು ಆರೂವರೆಗೇ ಬಂದು ನಿಂತಿತ್ತು. ಪಕ್ಕದವನು ಗೂಢಚಾರಿ ಕಳಿಸಿ ನೋಡಿದ್ದಾನೆ, ಏಳೂಮುಕ್ಕಾಲಿಗೆ ಹೊಡೆದಿದ್ದಾನೆ. ಮೂರು ತಿಂಗಳ ಗಳಿಕೆ... ನಾನು ಬಸ್ಸಲ್ಲಿ ತೂಕಡಿಸ್ತಿದ್ದಾಗ ಹೋಯ್ತು.

ರೂಮ್‌ಮೇಟ್ ಹೇಳಿದ್ದು ಸುಳ್ಳಲ್ಲ. ಹದಿನಾರರಲ್ಲಿ ಬೇರೆ ಆಟಗಾರ ಯಾರೂ ನಮ್ಮನ್ನ ಮುಟ್ಟಲಾರ. ಆದ್ರೆ ವಾಪಸ್ ಬರೋ ಗಳಿಗೆ ನಮ್ಮ ಕೈಲಿಲ್ಲ. ಅದೇ ನಮ್ಮ ಒಂದು ಗ್ರಹದಿಂದ ಇನ್ನೊಂದಕ್ಕೆ ಹತ್ತು ಪರ್ಸೆಂಟ್ ವೇಗದಲ್ಲಿ ಸಾಗಿಸಿದ್ರೆ ಸೆಕೆಂಡ್ ಲೆಕ್ಕದಲ್ಲಿ ಸಮಯ ಗೊತ್ತಿರುತ್ತೆ, ಇಂಧನವೂ ಕಡಿಮೆ. ಇಡೀ ಪಡೆ ಅತಿ ನಿಧಾನದ ಹಡಗಿನ ವೇಗಕ್ಕೇ ಇಳಿಯೋದ್ರಿಂದ ಒಂದೇ ಒಂದು ರೀಸೈಕ್ಲರ್ ಸೇರಿಸಿದ್ರೂ ರಾತ್ರಿಯೆಲ್ಲಾ ಎಳೀಬಹುದು. ಅನ್ವೇಷಣೆ ಏನಿದ್ರೂ ನಾವು ಎದ್ದು ಕೂತಿರುವಾಗ.

ಜನ ಮಾತ್ರ ಎಷ್ಟು ಬ್ಯಾಟಲ್‌ಶಿಪ್, ಎಷ್ಟು ಕ್ರೂಸರ್ ಅಂತಲೇ ಜಗಳ ಆಡ್ತಾರೆ. 2014ರ ಜನವರಿಯಲ್ಲಿ ಈವ್ ಆನ್‌ಲೈನ್‌ನಲ್ಲಿ 75 ಟೈಟನ್‌ಗಳು ಪುಡಿಯಾದ ಮಹಾಯುದ್ಧ ಶುರುವಾಗಿದ್ದು ಯಾವ ಶೌರ್ಯದಿಂದ? ಒಂದು ಸೌರಮಂಡಲದ ಮೇಲಿನ ಹಕ್ಕಿಗೆ ಕಟ್ಟಬೇಕಾದ ಬಾಕಿ ಸಮಯಕ್ಕೆ ಹೋಗಲಿಲ್ಲ, ಅಷ್ಟೇ! ಸಾವಿರಾರು ಜನ ಇಪ್ಪತ್ತೊಂದು ಗಂಟೆ ಬಡಿದಾಡಿದ್ರು.

ರಾತ್ರಿ ಮೂರಕ್ಕೆ ಅಲಾರಾಂ ಇಟ್ಟು ಏಳೋನೇ ಗೆಲ್ಲೋ ಆಟ ಇದು, ನ್ಯಾಯ ಅಲ್ಲ ಅಂತ ನನಗೀಗಲೂ ಸಿಟ್ಟಿದೆ. ಆದ್ರೂ ಆಡ್ತೀನಿ. ಹೋದ ತಿಂಗಳು ಮತ್ತೆ ಕಮಲಾಪುರಕ್ಕೆ ಹೋಗೋ ಮುಂಚೆ ಹಡಗೆಲ್ಲಾ ನನ್ನದೇ ದೂರದ ಗ್ರಹಕ್ಕೆ ಹಾಕಿದ್ದೆ, ವಾಪಸ್ ಬಂದು ಎರಡು ಗಂಟೆ ಆದ ಮೇಲೆ ಇಳಿಯೋ ಹಾಗೆ. ಬಸ್ ಲೇಟಾಯ್ತು ಅಂದುಕೊಳ್ಳಿ, ಅದಕ್ಕೇ ಆ ಎರಡು ಗಂಟೆ :)