ಹೊಕ್ಕ ತೋಟಾ ಒಗ್ಗಿದ ತೋಟಾ ಅಲ್ಲ

ಪತ್ತೇದಾರಿ ಕಾದಂಬರಿಯ ನಾಯಕನಿಗೆ ಕಡೆಯ ಗಳಿಗೆಯಲ್ಲಿ ತೋಟಾ ಮುಗಿದುಹೋಗುವುದು ವಾಡಿಕೆ. ಆತ ಧರೆಗುರುಳಿದ ಶತ್ರುವಿನ ಜೇಬಿಗೆ ಕೈಹಾಕಿ, ಸಿಕ್ಕ ತೋಟಾಗಳನ್ನು ತನ್ನ ರಿವಾಲ್ವರಿಗೆ ತುಂಬಿ ಹೋರಾಟ ಮುಂದುವರಿಸುತ್ತಾನೆ. ವಾಚಕರು ನಿಟ್ಟುಸಿರು ಬಿಡುತ್ತಾರೆ. ನಿಜಜೀವನದಲ್ಲಾದರೋ ಆ ಗುಂಡು ಶತ್ರುವನ್ನು ಮುಟ್ಟುವ ಮುನ್ನ ನಾಯಕನ ಬೆರಳುಗಳನ್ನೇ ಬಲಿಗೊಂಡೀತು!

ಬ್ರಿಟಿಷ್ ಸೇನೆಯ ಹೆಸರಾಂತ ವೆಬ್ಲಿ ರಿವಾಲ್ವರನ್ನೇ ನೋಡಿ. 1887ರಿಂದ 1915ರವರೆಗೆ ಅದರ ಆರು ಮಾದರಿಗಳನ್ನು ಸೇನೆ ಸ್ವೀಕರಿಸಿತು. ಎಲ್ಲವೂ .455 ಅಳತೆಯವು, ಎಲ್ಲವೂ ನಡು ಮುರಿದಂತೆ ಬಾಗಿ ತೆರೆಯುವವು, ಎಲ್ಲಕ್ಕೂ ಆರು ಗೂಡುಗಳ ತಿರುಗುವ ಉರುಳೆ. ಒಡಹುಟ್ಟಿದವರಂತೆ ಕಂಡರೂ ಇವುಗಳ ಶಕ್ತಿ ಒಂದೇ ಅಲ್ಲ. ಮೊದಲನೆಯದು ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. 1913ರ ಐದನೆಯ ಮಾದರಿ ನೋಟಕ್ಕೆ ನಾಲ್ಕನೆಯದರಂತೆಯೇ ಇದ್ದರೂ, ಹೊಗೆಯಿಲ್ಲದ ಮದ್ದಿನ ರಭಸವನ್ನು ತಾಳಲೆಂದು ಅದರ ಉರುಳೆಯನ್ನು 0.12 ಅಂಗುಲ ಹಿಗ್ಗಿಸಲಾಗಿತ್ತು. ಆರನೆಯದನ್ನು ಗುರುತಿಸುವುದು ಸುಲಭ. ಹಿಂದಿನವುಗಳ ಹಿಡಿ ಹಕ್ಕಿಯ ಕೊಕ್ಕಿನಂತೆ ಬಾಗಿದ್ದರೆ ಇದರದು ಚೌಕವಾದ ಹಿಡಿ. ನಳಿಗೆಯ ಉದ್ದ 6 ಅಂಗುಲ.

ಎರಡನೆಯ ಮಹಾಯುದ್ಧದ ತರುವಾಯ ಈ ರಿವಾಲ್ವರುಗಳು ಅಪಾರ ಸಂಖ್ಯೆಯಲ್ಲಿ ಅಮೆರಿಕದ ಪೇಟೆಯನ್ನು ಸೇರಿದವು. ಅಲ್ಲಿ .455 ತೋಟಾ ದುರ್ಲಭ; .45 ಸ್ವಯಂಚಾಲಿತ ಪಿಸ್ತೂಲಿನ ತೋಟಾ ಹೇರಳ. ವ್ಯಾಪಾರಿಗಳು ಉಪಾಯ ಹೂಡಿ ಉರುಳೆಯ ಹಿಂಬದಿಯನ್ನು ತುಸು ಕೆತ್ತಿದರು. ಅರ್ಧಚಂದ್ರಾಕಾರದ ಉಕ್ಕಿನ ಪಟ್ಟಿಗೆ ಸಿಕ್ಕಿಸಿದ ಪಿಸ್ತೂಲಿನ ತೋಟಾ ಈಗ ಗೂಡಿನಲ್ಲಿ ಚೆನ್ನಾಗಿ ಕುಳಿತಿತು.

ಕುಳಿತಿತು ನಿಜ, ಆದರೆ ಸಲ್ಲಲಿಲ್ಲ. ವೆಬ್ಲಿಯ ಸ್ವಂತ ತೋಟಾ ಸಿಡಿದಾಗ ಚದರ ಅಂಗುಲಕ್ಕೆ ಸುಮಾರು 13,000 ಪೌಂಡು ಒತ್ತಡ ಹುಟ್ಟುತ್ತದೆ. ಪಿಸ್ತೂಲಿನ ತೋಟಾದ ಮಿತಿ 21,000 ಪೌಂಡು. ಮೊದಲ ದಿನ ಏನೂ ಆಗದೆ ಹೋಗಬಹುದು. ಅದೇ ಮೋಸ! ಮಿತಿಮೀರಿದ ಒಂದೊಂದು ಗುಂಡೂ ಉಕ್ಕನ್ನು ದಣಿಸುತ್ತ ಹೋಗಿ, ಒಂದು ದಿನ ಉರುಳೆ ಬಿರಿದು ಚೂರು ಹಾರುತ್ತದೆ. ಉರುಳೆಯ ಹಿಂದೆ ಅಸಹಜ ಸಂದು ಕಂಡರೆ, .455 ತೋಟಾ ಸಡಿಲವಾಗಿ ಅಲುಗಾಡಿದರೆ, ಆ ರಿವಾಲ್ವರನ್ನು ಕೆತ್ತಿದ್ದಾರೆಂದು ತಿಳಿಯಬೇಕು. ಅದಕ್ಕೆ ಮೂಲ ತೋಟಾದಷ್ಟೇ ಒತ್ತಡದ, ಮದ್ದು ತಗ್ಗಿಸಿದ ತೋಟಾ ಮಾತ್ರ ಸಲ್ಲುತ್ತದೆ.

ವಿವೇಕದ ಮಾರ್ಗವೂ ಉಂಟು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆ .357 ಮ್ಯಾಗ್ನಮ್ ರಿವಾಲ್ವರನ್ನು ಹೊರತಂದಿತು. ಹಳೆಯ .38 ಸ್ಪೆಷಲ್ ತೋಟಾಕ್ಕೂ ಇದರ ತೋಟಾಕ್ಕೂ ಹೆಸರು ಬೇರೆಯಾದರೂ ಗುಂಡಿನ ವ್ಯಾಸ ಒಂದೇ. ಒತ್ತಡವಾದರೋ ಹೊಸದಕ್ಕೆ ಇಮ್ಮಡಿ. ಆದುದರಿಂದ ಹೊಸ ತೋಟಾದ ಹಿತ್ತಾಳೆಯ ಕೊಳವೆಯನ್ನೇ ಸುಮಾರು ಅಂಗುಲದ ಎಂಟನೆಯ ಒಂದು ಭಾಗ ಉದ್ದಮಾಡಿದರು. ಅದು .38 ಸ್ಪೆಷಲಿಗಾಗಿ ಸರಿಯಾಗಿ ಕೊರೆದ ಗೂಡಿಗೆ ಹೊಗದು; .38ರ ತೋಟಾ ಮಾತ್ರ .357ರಲ್ಲಿ ನಿರಾತಂಕವಾಗಿ ಸಿಡಿಯುತ್ತದೆ. ಮರೆಯುವ ಮನುಷ್ಯನ ಪರವಾಗಿ ಕೊಳವೆಯೇ ನೆನಪಿಟ್ಟುಕೊಂಡಿತು!

ವೆಬ್ಲಿಗೂ ಇಂಥದೇ ಕಾವಲೊಂದಿತ್ತು. ಕೆತ್ತಿದವರು ತೆಗೆದುಹಾಕಿದ್ದು ಬರಿಯ ಉಕ್ಕನ್ನಲ್ಲ, ಆ ಕಾವಲನ್ನು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಮಾತು ಕೋವಿಗೂ ಸಲ್ಲುತ್ತದೆ. ಹಳೆಯ ಆಯುಧ ಕೈಗೆ ಬಂದರೆ ಮೊದಲು ಅದರ ಮೇಲಿನ ಮಾದರಿಯ ಗುರುತನ್ನೋದಿ, ಬಲ್ಲ ಕೋವಿಗಾರನಿಗೆ ತೋರಿಸಬೇಕು. ಸಂಶಯ ಉಳಿದರೆ ಗೂಡುಗಳು ಬರಿದಾಗಿಯೇ ಇರಲಿ.