ಸಸಿ ನೆಟ್ಟವರ ಅಧಿಕಾರ

ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನ್, ಕಡಲಿಗೂ ಬೆಟ್ಟಕ್ಕೂ ನಡುವೆ ಇಕ್ಕಟ್ಟಾಗಿ ಬೆಳೆದ ನಗರ. ಜನಸಂಖ್ಯೆ ಹೆಚ್ಚಿದಂತೆಲ್ಲ ಮನೆಗಳು ಬೆಟ್ಟವನ್ನೇರಿದವು. ಕಾಡು ಹಿಂದೆ ಸರಿಯಿತು. ಮರದ ಬೇರು ಇಳಿಜಾರಿನ ಮಣ್ಣನ್ನು ಹಿಡಿದಿಡುತ್ತದೆ. ತರಗೆಲೆ ಹೊದ್ದ ನೆಲ ಮಳೆಯ ನೀರನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಈ ರಕ್ಷಣೆ ಇಲ್ಲವಾದೆಡೆ ಮಳೆಯೇ ಮೃತ್ಯುವಾಗಬಲ್ಲುದು. 2017ರ ಆಗಸ್ಟ್ 14ರ ಬೆಳಿಗ್ಗೆ, ಭಾರಿ ಮಳೆಯ ನಂತರ, ಷುಗರ್ ಲೋಫ್ ಬೆಟ್ಟದ ಒಂದು ಪಾರ್ಶ್ವವು ಕುಸಿದು ರೀಜೆಂಟ್ ಎಂಬ ಬಡಾವಣೆಯ ಮನೆಗಳ ಮೇಲೆ ಬಿದ್ದಿತು. ಸತ್ತವರೂ ಕಣ್ಮರೆಯಾದವರೂ ಸೇರಿ ಸಾವಿರಕ್ಕಿಂತ ಹೆಚ್ಚು.

ಮರುವರ್ಷ, 2018ರಲ್ಲಿ, ಇವಾನ್ ಅಕಿ-ಸಾಯರ್ ಎಂಬ ಮಹಿಳೆ ಆ ನಗರದ ಮೇಯರಾಗಿ ಚುನಾಯಿತರಾದರು. 2020ರಲ್ಲಿ ಅವರ ಆಡಳಿತವು ಹತ್ತು ಲಕ್ಷ ಮರಗಳನ್ನು ಬೆಳೆಸುವ ಯೋಜನೆಯನ್ನು ಕೈಗೊಂಡಿತು. ಸಸಿ ನೆಡುವುದು ಎಲ್ಲ ಊರುಗಳಲ್ಲಿಯೂ ನಡೆಯುವ ಉತ್ಸವವೇ. ಮರುವರ್ಷ ಅದೇ ಗುಂಡಿಯಲ್ಲಿ ಮತ್ತೊಂದು ಸಸಿಯನ್ನು ನೆಡುವುದೂ ಉಂಟು! ಆದರೆ ಅಕಿ-ಸಾಯರ್ ವೃತ್ತಿಯಿಂದ ಲೆಕ್ಕಪರಿಶೋಧಕರು. ಅಲ್ಲಿ ಪ್ರತಿಯೊಂದು ಸಸಿಗೂ ಒಂದು ಗುರುತು ಸಂಖ್ಯೆ ದೊರೆಯಿತು. ನೆರೆಹೊರೆಯ ನಿವಾಸಿಗಳೇ ಅದನ್ನು ಪೋಷಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು, ಅದು ಬದುಕಿದೆಯೆಂದು ದಾಖಲಿಸುತ್ತಿದ್ದರು. ಈ ಪೋಷಣೆಗಾಗಿ ಅವರಿಗೆ ಹಣ ಸಂದಾಯವಾಗುತ್ತಿತ್ತು. ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ ಬೆಲೆ ಎಂಬ ಈ ಕ್ರಮವು ಯಾವ ನಗರಕ್ಕಾದರೂ ಅನುಕರಣೀಯವಾದುದು.

ಸ್ತ್ರೀಯು ಸ್ವಭಾವತಃ ಪ್ರಕೃತಿಗೆ ಹತ್ತಿರದವಳು, ಆದುದರಿಂದ ಇಂಥ ಕಾರ್ಯ ಅವಳಿಗೇ ಸಲ್ಲತಕ್ಕದ್ದು ಎಂದು ಹೇಳುವವರಿದ್ದಾರೆ. ಕೇಳಲು ಇಂಪಾದ ಮಾತು. ಆದರೆ ಅದು ಅವಳ ಕೈಗೆ ನೀರಿನ ಕೊಡವನ್ನಷ್ಟೇ ಕೊಟ್ಟು, ನೆಲದ ಕಾಗದಪತ್ರಗಳನ್ನು ಬೇರೆಯವರ ಬಳಿ ಉಳಿಸುತ್ತದೆ. ನಾಯಕತ್ವವೆಂದರೆ ಇಲ್ಲಿ ಕಟ್ಟಕೂಡದು, ಇಲ್ಲಿ ಕಡಿಯಕೂಡದು ಎಂದು ಹೇಳಿ, ಆ ಮಾತನ್ನು ನಡೆಯಿಸಬಲ್ಲ ಅಧಿಕಾರ.

ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ ವಾಂಗಾರಿ ಮಾತಾಯಿ ಇದಕ್ಕಾಗಿಯೇ ಹೋರಾಡಿದರು. 1977ರಲ್ಲಿ ಅವರು ಆರಂಭಿಸಿದ ಹಸಿರು ಪಟ್ಟಿ ಚಳವಳಿಯಲ್ಲಿ ಗ್ರಾಮೀಣ ಸ್ತ್ರೀಯರು ಸಸಿಗಳನ್ನು ಬೆಳೆಸಿದರು. 1989ರಲ್ಲಿ ರಾಜಧಾನಿ ನೈರೋಬಿಯ ಹೃದಯಭಾಗದಲ್ಲಿರುವ ಉಹುರು ಉದ್ಯಾನದಲ್ಲಿ ಅರುವತ್ತು ಅಂತಸ್ತುಗಳ ಕಟ್ಟಡವನ್ನೆಬ್ಬಿಸಲು ಸರ್ಕಾರವು ಹೊರಟಿತು. ಮಾತಾಯಿ ಪ್ರತಿಭಟಿಸಿದರು. ಸಂಸತ್ತಿನಲ್ಲಿ ಸದಸ್ಯರು ಅವರನ್ನು ಹೀಯಾಳಿಸಿದರು. ವಿಚ್ಛೇದಿತೆಯಾಗಿರುವುದೇ ಅಪರಾಧವೆಂಬಂತೆ ಆಡಿಕೊಂಡರು. ಚಳವಳಿಯು ತನ್ನ ಕಚೇರಿಯನ್ನೂ ಕಳೆದುಕೊಂಡಿತು. ಆದರೂ ಕಟ್ಟಡವು ಮೇಲೇಳಲಿಲ್ಲ. 1999ರಲ್ಲಿ ಅದೇ ನಗರದ ಕರೂರಾ ಅರಣ್ಯವನ್ನು ಉಳಿಸಲು ಸಸಿ ನೆಡಹೋದಾಗ ಅವರ ತಲೆಗೆ ಪೆಟ್ಟು ಬಿದ್ದು ರಕ್ತ ಹರಿಯಿತು. ನೊಬೆಲ್ ಶಾಂತಿ ಪುರಸ್ಕಾರ ಬಂದುದು 2004ರಲ್ಲಿ. ಮಾತಾಯಿ 2011ರಲ್ಲಿ ನಿಧನರಾದರು. ಕರೂರಾ ಇಂದಿಗೂ ನೈರೋಬಿಗೆ ನೆರಳೀಯುತ್ತಿದೆ.

ಫ್ರೀಟೌನಿನ ಮೇಯರ್ ಎದುರಿಸಿದ ಅಡಚಣೆಯೂ ಇದೇ ಜಾತಿಯದು. ಸಸಿ ನೆಡಿಸುವ ಹೊಣೆ ನಗರಾಡಳಿತದ್ದು. ಭೂಬಳಕೆಯನ್ನು ನಿರ್ಧರಿಸುವ, ಕಟ್ಟಡಕ್ಕೆ ಅನುಮತಿ ನೀಡುವ ಅಧಿಕಾರವು ಕೇಂದ್ರ ಸರ್ಕಾರದ ಇಲಾಖೆಗಳ ಬಳಿಯಿತ್ತು. ಒಂದು ಇಳಿಜಾರಿನಲ್ಲಿ ಸಸಿಗಳಿಗೆ ಸಂಖ್ಯೆ ಬರೆಯುತ್ತಿದ್ದಾಗ, ಇನ್ನೊಂದರಲ್ಲಿ ಕಾಡನ್ನು ಕಡಿದು ಮನೆಗಳಿಗೆ ತಳಪಾಯ ತೋಡುತ್ತಲೇ ಇದ್ದರು.